ದೇವರ ಕಿವಿಗೆ ಬಿದ್ದ ಮಾತು

ಈಜಿಪ್ಟಿನ ದೇವರುಗಳನ್ನು ನಾವು ತಲೆ ನೋಡಿ ಗುರುತು ಹಿಡಿಯೋಕೆ ಕಲಿತವರು. ಗಿಡುಗನ ತಲೆ ಇದ್ದರೆ ಹೋರಸ್. ನರಿಯ ತಲೆ ಇದ್ದರೆ ಅನೂಬಿಸ್. ಉದ್ದನೆಯ ಕೊಕ್ಕಿದ್ದರೆ ಥೋತ್. ಸಿಂಹಿಣಿಯ ಮುಖವಾದರೆ ಸೆಖ್ಮೆತ್. ಮಕ್ಕಳ ಪುಸ್ತಕದಲ್ಲಿ, ಟೀವಿಯಲ್ಲಿ, ಮ್ಯೂಸಿಯಂ ಗೋಡೆಯ ಮೇಲೆ, ಎಲ್ಲ ಕಡೆ ಇದೇ ಪಟ್ಟಿ ಸಿಗುತ್ತದೆ. ದೇವರ ಹೆಸರು, ತಲೆ, ಖಾತೆ. ಓಸಿರಿಸ್‌ಗೆ ಸತ್ತವರ ಲೋಕ, ಹಾಥೋರ್‌ಗೆ ಪ್ರೀತಿ ಮತ್ತು ಸಂಗೀತ, ಪ್ತಾಹ್‌ಗೆ ಕಲ್ಲು, ಲೋಹ, ಮರದ ಕೆಲಸದವರು. ಪಟ್ಟಿ ತಪ್ಪೇನಲ್ಲ. ಆದರೆ ಅದನ್ನು ಓದಿ ಮುಗಿಸಿದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಮಗುವಿಗೆ ಜ್ವರ ಏರಿದ ರಾತ್ರಿ ಇವರಲ್ಲಿ ಯಾರನ್ನು ಕರೆಯುತ್ತಿದ್ದರು? ಹೇಗೆ ಕರೆಯುತ್ತಿದ್ದರು? ಕರೆದರೆ ಕೇಳಿಸುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತಿತ್ತು?

ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಒಂದು ಕಲ್ಲಿನ ಫೋಟೋ ನೋಡಿದ ಮೇಲೆ. ಸಣ್ಣ ಸುಣ್ಣಕಲ್ಲು. ಮೇಲ್ಭಾಗ ಕಮಾನಿನ ಹಾಗೆ ದುಂಡಗಿದೆ. ಅದರ ಮೇಲೆ ಕಿವಿಗಳನ್ನು ಕೆತ್ತಿದ್ದಾರೆ, ಸಾಲಾಗಿ. ಇಂಥ ಕಲ್ಲುಗಳು ಮೆಂಫಿಸ್‌ನಲ್ಲಿ, ಪ್ತಾಹ್‌ನ ದೊಡ್ಡ ದೇವಸ್ಥಾನದ ಜಾಗದಲ್ಲಿ ಬೇಕಾದಷ್ಟು ಸಿಕ್ಕಿವೆ. ಕೆಲವಲ್ಲಿ ಒಂದೇ ಜೋಡಿ ಕಿವಿ. ಕೆಲವಲ್ಲಿ ಎಣಿಸಿದರೆ ಲೆಕ್ಕ ತಪ್ಪುವಷ್ಟು. ನನ್ನನ್ನು ತಡೆದು ನಿಲ್ಲಿಸಿದ್ದು ಏನಂದರೆ, ಅವೆಲ್ಲ ಮನುಷ್ಯರ ಕಿವಿ. ಹಾಲೆ, ಒಳಗಿನ ಮಡಿಕೆ, ಎಲ್ಲ ನಿಮ್ಮದು ನನ್ನದು ಇದ್ದ ಹಾಗೆ. ಟಗರಿನ ರೂಪದಲ್ಲೂ ಬರುವ ಅಮುನ್‌ಗೆ ಕಿವಿ ಕೆತ್ತುವಾಗ ಕೂಡ ಮನುಷ್ಯನ ಕಿವಿಯನ್ನೇ ಕೆತ್ತುತ್ತಿದ್ದರು. ದೇವರ ತಲೆ ಯಾವುದೇ ಪ್ರಾಣಿಯದಾಗಿರಲಿ, ನಮ್ಮ ಮಾತು ಬೀಳಬೇಕಾದ ಕಿವಿ ಮಾತ್ರ ನಮ್ಮಂಥದ್ದೇ ಇರಬೇಕು. ಯಾರೂ ಇದನ್ನು ಶಾಸ್ತ್ರವಾಗಿ ಬರೆದಿಟ್ಟಂತೆ ಕಾಣುವುದಿಲ್ಲ. ಕೆತ್ತುವವರ ಕೈಗೆ ಅದು ಗೊತ್ತಿತ್ತು, ಅಷ್ಟೆ.

ಕಿವಿ ಯಾಕೆ ಬೇಕಾಯಿತು ಅನ್ನುವುದು ಕಾರ್ನಾಕ್‌ನ ಗೋಡೆ ನೋಡಿದರೆ ಅರ್ಥವಾಗುತ್ತದೆ. ಅಮುನ್‌ನ ಆ ದೇವಸ್ಥಾನದಲ್ಲಿ ಬೆಳಗಿನ ಸೇವೆ ನಡೆಯುತ್ತಿದ್ದದ್ದು ತೀರ ಒಳಗಿನ ಕತ್ತಲ ಕೋಣೆಯಲ್ಲಿ. ಪೂಜಾರಿ ಬಾಗಿಲಿನ ಮುದ್ರೆ ಒಡೆದು ಒಳಗೆ ಹೋಗುತ್ತಿದ್ದ. ದೇವರನ್ನು ಎಬ್ಬಿಸಿ, ಒರೆಸಿ, ಎಣ್ಣೆ ಹಚ್ಚಿ, ಬಟ್ಟೆ ಉಡಿಸಿ, ಎಡೆ ಇಡುತ್ತಿದ್ದ. ಹೊರಗೆ ಬರುವಾಗ ತನ್ನ ಹೆಜ್ಜೆ ಗುರುತನ್ನೂ ಗುಡಿಸಿಕೊಂಡು ಬರುತ್ತಿದ್ದ. ಊರಿನ ಜನಕ್ಕೆ ಅಲ್ಲಿಗೆ ಪ್ರವೇಶವೇ ಇರಲಿಲ್ಲ. ಹಬ್ಬದ ದಿನ ದೇವರು ದೋಣಿಯಾಕಾರದ ಪಲ್ಲಕ್ಕಿಯಲ್ಲಿ ಹೊರಗೆ ಬಂದಾಗಲೂ ಮೂರ್ತಿ ಪರದೆಯ ಹಿಂದೆಯೇ ಇರುತ್ತಿತ್ತು. ಹಾಗಂತ ಜನ ಸುಮ್ನೆ ಕೂರಲಿಲ್ಲ. ಕಾರ್ನಾಕ್‌ನ ಹಿಂಬದಿಯಲ್ಲಿ, ಪೂರ್ವದ ಕಡೆ, ಎರಡನೇ ರಾಮ್ಸೆಸ್ ರಾಜ ಒಂದು ಗುಡಿ ಕಟ್ಟಿಸಿದ. ಅಲ್ಲಿನ ದೇವರ ಹೆಸರೇ 'ಮೊರೆ ಕೇಳುವ ಅಮುನ್'. ಮುಂಬಾಗಿಲಲ್ಲಿ ಬಿಡದಿದ್ದರೆ ಹಿಂದಿನಿಂದ ಕೂಗಬಹುದು. ದೇವಸ್ಥಾನದ ಬೆನ್ನಿಗೆ ಒಂದು ಕಿವಿ.

ಬೆಟ್ಟದ ಕೆಳಗಿನ ಊರು

ಲಕ್ಸರ್‌ಗೆ ಹೋದವರು ಸಾಮಾನ್ಯವಾಗಿ ಬೆಳಗ್ಗೆಯೇ ರಾಜರ ಕಣಿವೆ ನೋಡಿ, ಹಾಟ್ಶೆಪ್ಸುತ್ ರಾಣಿಯ ದೇವಸ್ಥಾನ ನೋಡಿ, ಬಿಸಿಲೇರುವ ಮೊದಲು ಹೋಟೆಲ್ ಸೇರಿಕೊಳ್ಳುತ್ತಾರೆ. ಅಕ್ಕ ಮತ್ತು ನಾನು ಹೋದಾಗ ನಾನು ಹಟ ಹಿಡಿದು ದೇರ್ ಎಲ್-ಮದೀನಾಕ್ಕೆ ಕರೆದುಕೊಂಡು ಹೋದೆ. ರಾಜರ ಕಣಿವೆಯ ಗೋರಿಗಳನ್ನು ಕೊರೆದು, ಬಣ್ಣ ಬಳಿದ ಕೆಲಸಗಾರರು ಹೆಂಡತಿ ಮಕ್ಕಳ ಜೊತೆ ಸುಮಾರು ನಾಲ್ಕು ಶತಮಾನ ಬದುಕಿದ ಊರು ಅದು. ಬೆಟ್ಟಗಳ ನಡುವಿನ ಒಂದು ತಗ್ಗು. ಸುತ್ತುಗೋಡೆಯ ಒಳಗೆ 68 ಮನೆ. ನಡುವೆ ಒಂದೇ ಒಂದು ಓಣಿ, ಇಬ್ಬರು ಎದುರಾದರೆ ಒಬ್ಬರು ಸರಿದು ನಿಲ್ಲಬೇಕು. ಚಾವಣಿ ಯಾವುದೂ ಇಲ್ಲ. ಗೋಡೆಗಳು ಕೆಲವು ಕಡೆ ಮಂಡಿಯುದ್ದ, ಕೆಲವು ಕಡೆ ಎದೆಯುದ್ದ. ಮೇಲಿನಿಂದ ನೋಡಿದರೆ ಪ್ರತಿ ಮನೆಯೂ ಬಿಚ್ಚಿಟ್ಟ ಹಾಗೆ ಕಾಣುತ್ತದೆ. ಮುಂದಿನ ಕೋಣೆ, ನಡುಮನೆ, ಒಳಕೋಣೆ, ಹಿಂದೆ ಅಡುಗೆಮನೆ, ನೆಲದಲ್ಲಿ ದವಸ ಇಡುವ ಗುಂಡಿ.

ಅಕ್ಕ ಒಂದು ಮನೆಯ ಹೊಸಿಲ ಹತ್ತಿರ ನಿಂತು, "ನೀರೆಲ್ಲಿಂದ ತರ್ತಿದ್ರು ಇವ್ರು?" ಅಂದಳು. ಸರಿಯಾದ ಪ್ರಶ್ನೆ. ಊರಲ್ಲಿ ಬಾವಿ ಇರಲಿಲ್ಲ. ಕೆಳಗಿನ ಬಯಲಿನಿಂದ ಕತ್ತೆಗಳ ಮೇಲೆ ನೀರು ಹೊತ್ತು ತರಬೇಕಿತ್ತು. ಒಂದು ಬಾವಿ ತೋಡೋಕೆ ಹೊರಟು, ಆಳಕ್ಕೆ ಇಳಿದು, ನೀರು ಸಿಗದೆ ಬಿಟ್ಟಿದ್ದರು. ಆಮೇಲೆ ಆ ಗುಂಡಿ ಊರಿನ ಕಸದ ಗುಂಡಿಯಾಯಿತು. 1922ರಿಂದ 1951ರವರೆಗೆ ಇಲ್ಲಿ ಉತ್ಖನನ ನಡೆಸಿದ ಫ್ರಾನ್ಸಿನ ಬರ್ನಾರ್ ಬ್ರುಯೇರ್‌ಗೆ ಅದೇ ಗುಂಡಿಯಲ್ಲಿ ಸಾವಿರಾರು ಬರಹದ ಚೂರು ಸಿಕ್ಕವು. ಮಡಕೆಯ ಬೋಕಿ, ಸುಣ್ಣಕಲ್ಲಿನ ಚಕ್ಕೆ, ಅವುಗಳ ಮೇಲೆ ಮಸಿಯಲ್ಲಿ ಬರೆದ ಲೆಕ್ಕ, ಕಾಗದ, ಜಗಳ, ಪಟ್ಟಿ. ಈ ಊರಿನಲ್ಲಿ ಓದು ಬರಹ ಬಲ್ಲವರು ಆ ಕಾಲಕ್ಕೆ ತುಂಬಾ ಜಾಸ್ತಿ. ಅವರು ಬರೆದದ್ದರಿಂದಲೇ ನಮಗೆ ಅವರ ದೇವರುಗಳು ಹತ್ತಿರದಿಂದ ಸಿಗುವುದು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಈ ಊರಿನ ಒಂದು ಹಾಜರಿ ಪಟ್ಟಿ ಇದೆ. ಎರಡನೇ ರಾಮ್ಸೆಸ್ ಆಳ್ವಿಕೆಯ 40ನೇ ವರ್ಷದ್ದು. ಒಂದು ದೊಡ್ಡ ಸುಣ್ಣಕಲ್ಲಿನ ಚಕ್ಕೆಯ ಮೇಲೆ 40 ಜನರ ಹೆಸರು, ಯಾರು ಯಾವ ದಿನ ಬರಲಿಲ್ಲ, ಯಾಕೆ ಬರಲಿಲ್ಲ ಅನ್ನುವ ಲೆಕ್ಕ. ಕಾರಣಗಳನ್ನು ಕೆಂಪು ಮಸಿಯಲ್ಲಿ ಬರೆದಿದ್ದಾರೆ. ಒಬ್ಬನಿಗೆ ಚೇಳು ಕಡಿದಿದೆ. ಒಬ್ಬನಿಗೆ ಕಣ್ಣು ನೋವು. ಒಬ್ಬ ಬಿಯರ್ ಮಾಡೋಕೆ ಮನೆಯಲ್ಲಿ ಉಳಿದಿದ್ದಾನೆ. ಒಬ್ಬ ತಾಯಿಯ ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದಾನೆ. ಒಬ್ಬ ದೇವರಿಗೆ ಕಾಣಿಕೆ ಕೊಡೋಕೆ ಹೋಗಿದ್ದಾನೆ. ಈ ಕೊನೆಯವನನ್ನು ಉಳಿದವರಿಗಿಂತ ಬೇರೆ ಥರ ಬರೆದಿಲ್ಲ ಅನ್ನುವುದು ನನಗೆ ತುಂಬಾ ಹಿಡಿಸಿತು. ಚೇಳು, ಬಿಯರ್, ತಾಯಿಯ ಸಾವು, ದೇವರು. ಎಲ್ಲ ಒಂದೇ ಸಾಲಿನಲ್ಲಿ, ಒಂದೇ ಮಸಿಯಲ್ಲಿ.

ಊರಿನ ತಲೆಯ ಮೇಲೇ ಒಂದು ಶಿಖರ ನಿಂತಿದೆ. ಈಗ ಅದನ್ನು ಎಲ್-ಕುರ್ನ್ ಅನ್ನುತ್ತಾರೆ. ನೆತ್ತಿ ಪಿರಮಿಡ್ಡಿನ ಹಾಗೆ ಚೂಪಾಗಿದೆ. ಆ ಊರಿನವರಿಗೆ ಆ ಶಿಖರವೇ ದೇವಿ. ಹೆಸರು ಮೆರೆತ್‌ಸೆಗೆರ್, ಮೌನವನ್ನು ಪ್ರೀತಿಸುವವಳು. ರೂಪ ಹಾವಿನದ್ದು. ಕೆಲಸಗಾರರು ಊರಿನಿಂದ ಬೆಟ್ಟ ಹತ್ತಿ, ಕಣಿವೆಯ ಮೇಲಿನ ಏರಿನಲ್ಲಿ ಕಲ್ಲಿನ ಗುಡಿಸಲುಗಳಲ್ಲಿ ವಾರವಿಡೀ ಇದ್ದು, ರಜೆಗೆ ಮಾತ್ರ ಮನೆಗೆ ಇಳಿಯುತ್ತಿದ್ದರು. ಅವರ ವಾರ ಅಂದರೆ ಹತ್ತು ದಿನ. ಹೋಗುವ ಬರುವ ದಾರಿಯೆಲ್ಲ ಅವಳ ಮೈಮೇಲೆ. ಬಂಡೆಯ ಸಂದಿಯಲ್ಲಿ ಹಾವಿದೆ, ಕಲ್ಲು ಎತ್ತಿದರೆ ಚೇಳಿದೆ. ನಾವು ನಿಂತಿದ್ದಾಗ ಅಲ್ಲಿನ ಕಾವಲುಗಾರ ಹಿರಿಯರೊಬ್ಬರು ಕೋಲೆತ್ತಿ ಶಿಖರ ತೋರಿಸಿದರು. ಆಮೇಲೆ ಅದೇ ಕೋಲನ್ನು ನೆಲದ ಮೇಲೆ ಹಾವಿನ ಹಾಗೆ ಹರಿಸಿ, ನಮ್ಮ ಚಪ್ಪಲಿ ಕಡೆ ನೋಡಿ, ಕೈ ಅಲ್ಲಾಡಿಸಿದರು. ಅಕ್ಕನಿಗೂ ನನಗೂ ಅರಬ್ಬಿ ಬರುವುದಿಲ್ಲ, ಆದರೂ ಪೂರ್ತಿ ಅರ್ಥವಾಯಿತು. ಆಮೇಲೆ ನಾವಿಬ್ಬರೂ ಕಾಲಿಡುವ ಜಾಗ ನೋಡಿ ನೋಡಿ ನಡೆದೆವು. ಮೆರೆತ್‌ಸೆಗೆರ್ ಪೂಜೆ ಈ ಬೆಟ್ಟದ ಆಸುಪಾಸು ಬಿಟ್ಟರೆ ಬೇರೆಲ್ಲೂ ಬೆಳೆಯಲಿಲ್ಲ. ಊರು ಖಾಲಿಯಾದ ಮೇಲೆ ಅವಳ ಪೂಜೆಯೂ ನಿಂತಿತು. ಹಾಗಾಗಿ ಸಣ್ಣ ಪಟ್ಟಿಗಳಲ್ಲಿ ಅವಳ ಹೆಸರು ಇರುವುದಿಲ್ಲ.

ನೆಫೆರಾಬು ಬರೆಸಿದ ಎರಡು ಕಲ್ಲು

ಈ ಊರಿನವರಲ್ಲಿ ನಾನು ಮತ್ತೆ ಮತ್ತೆ ಹುಡುಕಿಕೊಂಡು ಹೋಗುವುದು ನೆಫೆರಾಬುವನ್ನು. ಎರಡನೇ ರಾಮ್ಸೆಸ್ ಕಾಲದ ಗೋರಿ ಕೆಲಸಗಾರ. ಅವನ ಹರಕೆಯ ಕಲ್ಲು ಒಂದು ಇಟಲಿಯ ಟುರಿನ್‌ನಲ್ಲಿದೆ, ಮೆರೆತ್‌ಸೆಗೆರ್‌ಗೆ ಕೊಟ್ಟದ್ದು. ಇನ್ನೊಂದು ಲಂಡನ್ನಿನಲ್ಲಿದೆ, ಪ್ತಾಹ್‌ಗೆ ಕೊಟ್ಟದ್ದು. ಒಬ್ಬನೇ ಮನುಷ್ಯ ಎರಡು ಸಲ ಕೈ ಮುಗಿದದ್ದು ಈಗ ಎರಡು ದೇಶದಲ್ಲಿದೆ.

ಟುರಿನ್‌ನ ಕಲ್ಲಿನಲ್ಲಿ ಅವನು ಹೇಳುವುದು ಇಷ್ಟು. ನಾನು ತಿಳಿವಳಿಕೆ ಇಲ್ಲದವನು, ಒಳ್ಳೆಯದು ಕೆಟ್ಟದ್ದು ಗೊತ್ತಿರಲಿಲ್ಲ. ಶಿಖರದ ವಿರುದ್ಧ ತಪ್ಪು ಮಾಡಿದೆ. ಅವಳು ನನಗೆ ಪಾಠ ಕಲಿಸಿದಳು. ರಾತ್ರಿ ಹಗಲು ಅವಳ ಕೈಯಲ್ಲಿ ಸಿಕ್ಕಿದ್ದೆ. ಹೆರಿಗೆಯ ಇಟ್ಟಿಗೆಯ ಮೇಲೆ ಕೂತ ಹೆಂಗಸಿನ ಹಾಗೆ ಕೂತಿದ್ದೆ. ಗಾಳಿಯನ್ನು ಕರೆದೆ, ಗಾಳಿ ಬರಲಿಲ್ಲ. ಎಚ್ಚರವಾಗಿರಿ, ಶಿಖರದ ಒಳಗೆ ಸಿಂಹವಿದೆ, ತಪ್ಪು ಮಾಡಿದವರನ್ನು ಅವಳು ಬೆನ್ನು ಹತ್ತುತ್ತಾಳೆ. ಆಮೇಲೆ ಅವಳನ್ನೇ ಕರೆದೆ, ಅವಳು ಸಿಹಿ ಗಾಳಿಯಾಗಿ ಬಂದಳು, ಕನಿಕರ ತೋರಿಸಿದಳು, ನೋವು ಮರೆಸಿದಳು.

ಹೆರಿಗೆಯ ಇಟ್ಟಿಗೆಯ ಆ ಮಾತಿಗೆ ಬಂದಾಗಲೆಲ್ಲ ನಾನು ನಿಂತುಬಿಡುತ್ತೇನೆ. ಆ ಕಾಲದಲ್ಲಿ ಹೆಂಗಸರು ಇಟ್ಟಿಗೆಗಳ ಮೇಲೆ ಕಾಲೂರಿ ಕುಕ್ಕರುಗಾಲಲ್ಲಿ ಕೂತು ಹೆರುತ್ತಿದ್ದರು. ಬಣ್ಣದ ಚಿತ್ರ ಬರೆದ ಅಂಥದ್ದೇ ಒಂದು ಇಟ್ಟಿಗೆ 2001ರಲ್ಲಿ ಅಬೈಡಾಸ್‌ನಲ್ಲಿ ಸಿಕ್ಕಿತು. ಕಲ್ಲು ಕೊರೆಯುವ ಒಬ್ಬ ಗಂಡಸು ತನ್ನ ನೋವಿಗೆ ಮಾತು ಹುಡುಕುತ್ತಾ, ತನ್ನ ಮನೆಯ ಒಳಕೋಣೆಯಲ್ಲಿ ಕೇಳಿಸಿಕೊಂಡ ನೋವನ್ನು ತಂದು ದೇವರ ಮುಂದೆ ಇಡುತ್ತಾನೆ. ಅವನಿಗೆ ಏನು ಕಾಯಿಲೆಯಾಗಿತ್ತೋ ಕಲ್ಲು ಹೇಳುವುದಿಲ್ಲ. ಆದರೆ ಉಸಿರಿಗೆ ಒದ್ದಾಡಿದವನ ಮಾತು ಅದು ಅಂತ ಓದಿದವರಿಗೆ ಗೊತ್ತಾಗುತ್ತದೆ. ವರ್ಷಗಟ್ಟಲೆ ಸುಣ್ಣಕಲ್ಲಿನ ಧೂಳು ಕುಡಿದು ಕೆಲಸ ಮಾಡುವವರು ಗಾಳಿಯನ್ನು ಸಿಹಿ ಅಂತ ಕರೆದರೆ ನಾನು ಅದನ್ನು ಬರೀ ಕವಿಮಾತು ಅಂತ ಬಿಡಲಾರೆ.

ಲಂಡನ್ನಿನ ಕಲ್ಲಿನಲ್ಲಿ ಅವನ ತಪ್ಪು ಏನಂತ ಸ್ಪಷ್ಟವಾಗಿದೆ. ಪ್ತಾಹ್‌ನ ಹೆಸರಿನಲ್ಲಿ ಸುಳ್ಳು ಆಣೆ ಇಟ್ಟಿದ್ದ. ಅದಕ್ಕೆ ದೇವರು ಹಗಲಲ್ಲೇ ಕತ್ತಲೆ ತೋರಿಸಿದ. ಬೀದಿನಾಯಿಯ ಹಾಗಾದೆ ಅನ್ನುತ್ತಾನೆ. ಈ ಕಲ್ಲಿನ ಮೇಲೆ ಪ್ತಾಹ್‌ನ ಜೊತೆಗೆ ಕಿವಿಗಳೂ ಇವೆ, ಕಣ್ಣುಗಳೂ ಇವೆ. ಕಿವಿ ಇರುವುದು ಮೊರೆ ಕೇಳೋಕೆ ಅನ್ನಬಹುದು. ಆದರೆ ಆಣೆ ಇಟ್ಟಾಗ ಕೇಳಿಸಿಕೊಂಡದ್ದೂ ಅದೇ ಕಿವಿ ತಾನೇ? ಕೇಳುವ ದೇವರು ಅಂದರೆ ಎಲ್ಲವನ್ನೂ ಕೇಳುವ ದೇವರು. ಇದು ಮೊದಲ ಸಲ ಹೊಳೆದಾಗ ಆ ಕಿವಿಗಳ ಸಾಲು ನನಗೆ ಸ್ವಲ್ಪ ಭಯವನ್ನೂ ಹುಟ್ಟಿಸಿತು.

ಇದೇ ಊರಿನ ನೆಬ್ರೆ ಅನ್ನುವ ಚಿತ್ರಗಾರನ ಕಲ್ಲು ಬರ್ಲಿನ್‌ನಲ್ಲಿದೆ. ಅವನ ಮಗ ನಖ್ತಮುನ್ ಸಾಯುವ ಸ್ಥಿತಿಯಲ್ಲಿ ಮಲಗಿದ್ದ. ಒಂದು ಹಸುವಿನ ವಿಷಯದಲ್ಲಿ ಅಮುನ್‌ನ ಕೋಪಕ್ಕೆ ಗುರಿಯಾಗಿದ್ದ ಅಂತ ಬರೆದಿದೆ. ಅಪ್ಪ ಅಮುನ್‌ನನ್ನು ಬಡವರ ಕೂಗಿಗೆ ಬರುವವನು, ಮೌನವಾಗಿರುವವರ ದೊರೆ ಅಂತ ಕರೆಯುತ್ತಾನೆ. ಆಳು ತಪ್ಪು ಮಾಡುವುದು ಸಹಜ, ಒಡೆಯ ಕ್ಷಮಿಸುವುದೂ ಸಹಜ ಅನ್ನುತ್ತಾನೆ. ನಮ್ಮ ದೇವರು ಇಡೀ ದಿನ ಸಿಟ್ಟಿನಲ್ಲಿರುವವನಲ್ಲ, ಒಂದು ಗಳಿಗೆಯಲ್ಲಿ ಇಳಿದುಹೋಗುತ್ತದೆ ಅನ್ನುತ್ತಾನೆ. ಮಗ ಉಳಿದರೆ ನಿನ್ನ ಹೆಸರಲ್ಲಿ ಕಲ್ಲು ನಿಲ್ಲಿಸಿ ಈ ಹಾಡು ಕೆತ್ತಿಸುತ್ತೇನೆ ಅಂತ ಹೊತ್ತುಕೊಂಡಿದ್ದ. ಕಲ್ಲು ನಮ್ಮ ಕೈಗೆ ಸಿಕ್ಕಿದೆ. ಅಂದರೆ ಮಗ ಉಳಿದ.

ಇದೇ ಊರಿನವರ ಮೊಮ್ಮಕ್ಕಳು ಮೂರನೇ ರಾಮ್ಸೆಸ್‌ನ 29ನೇ ವರ್ಷದಲ್ಲಿ, ಕೂಲಿಯ ದವಸ ಬರದೆ ಇದ್ದಾಗ, ಕೆಲಸ ನಿಲ್ಲಿಸಿ ದೇವಸ್ಥಾನಗಳ ಹಿಂದೆ ಹೋಗಿ ಕೂತರು. ಹಸಿವು ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ದೊರೆಗೆ ಹೇಳಿ ಕಳಿಸಿ ಅಂದರು. ದಾಖಲೆಯಲ್ಲಿ ಸಿಗುವ ಅತಿ ಹಳೆಯ ಮುಷ್ಕರ ಅಂತ ಅದಕ್ಕೆ ಹೆಸರು. ಇತಿಹಾಸದವರು ಮುಷ್ಕರವನ್ನು ಒಂದು ಅಧ್ಯಾಯದಲ್ಲಿ, ಹರಕೆ ಕಲ್ಲನ್ನು ಇನ್ನೊಂದು ಅಧ್ಯಾಯದಲ್ಲಿ ಇಡುತ್ತಾರೆ. ನನಗೆ ಅವೆರಡೂ ಒಂದೇ ಗಂಟಲಿನಿಂದ ಬಂದ ಹಾಗೆ ಕೇಳಿಸುತ್ತವೆ. ಮೇಲಿರುವವನಿಗೆ ಕಿವಿ ಇದೆ, ಸರಿಯಾಗಿ ಹೇಳಿದರೆ ಅವನು ಕೇಳಲೇಬೇಕು ಅಂತ ನಂಬಿದ ಜನ ಇವರು.

ಮೂರು ಕಡೆಯ ಅಮುನ್

ಕೇಳುವ ದೇವರು ಸುಮ್ಮನಿರುತ್ತಿರಲಿಲ್ಲ, ಉತ್ತರವನ್ನೂ ಕೊಡುತ್ತಿದ್ದ. ದೇರ್ ಎಲ್-ಮದೀನಾದವರ ಊರದೇವರು ಒಂದನೇ ಅಮೆನ್‌ಹೋಟೆಪ್, ಎಂದೋ ತೀರಿಹೋದ ರಾಜ. ಅವನೂ ಅವನ ತಾಯಿ ಅಹ್ಮೋಸ್-ನೆಫೆರ್ತಾರಿಯೂ ಊರಿನ ಕಾವಲು ದೇವರಾಗಿದ್ದರು. ಹಬ್ಬದ ದಿನ ಅವನ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಓಣಿಗೆ ತರುತ್ತಿದ್ದರು. ಹೊರುವವರು ಹೊರಗಿನ ಪೂಜಾರಿಗಳಲ್ಲ, ಅದೇ ಕಲ್ಲು ಕೊರೆಯುವವರು, ಚಿತ್ರ ಬರೆಯುವವರು. ಜನ ಎದುರಿಗೆ ಹೋಗಿ ಪ್ರಶ್ನೆ ಇಡುತ್ತಿದ್ದರು. ಕಲ್ಲಿನ ಚಕ್ಕೆಯ ಮೇಲೆ ಬರೆದ ಅಂಥ ಪುಟ್ಟ ಪುಟ್ಟ ಪ್ರಶ್ನೆಗಳು ಈಗಲೂ ಇವೆ. ಈ ಚಾಪೆ ಕದ್ದವನು ಅವನೇನಾ ಅಂತ ಒಬ್ಬರು ಕೇಳಿದ್ದಾರೆ. ದೇವರು ಮುಂದಕ್ಕೆ ಬಂದರೆ ಹೌದು. ಹಿಂದಕ್ಕೆ ಸರಿದರೆ ಇಲ್ಲ.

ಇದನ್ನು ಓದುವಾಗ ನನಗೆ ವಿವರಣೆ ಬೇಕಾಗಲಿಲ್ಲ. ಹಾಸನದ ಕಡೆಯ ನಮ್ಮ ಅಜ್ಜಿಯ ಊರಲ್ಲಿ ಅಮ್ಮನ ಪಲ್ಲಕ್ಕಿ ಹೀಗೇ ನಡೆಯುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಮಾವನ ತೋಟದ ಪಂಪ್‌ಸೆಟ್ ಮೋಟಾರು ಕಳುವಾಯಿತು. ಊರಲ್ಲಿ ಗುಸುಗುಸು ಶುರುವಾಗಿ ಒಬ್ಬ ಹುಡುಗನ ಹೆಸರು ಎಲ್ಲರ ಬಾಯಲ್ಲಿ ಓಡಾಡುತ್ತಿತ್ತು. ಜಾತ್ರೆಯ ರಾತ್ರಿ ಮಾವ ಎದುರು ನಿಂತು, "ತಾಯಿ, ಮೋಟ್ರು ಊರೊಳಗೇ ಐತೆ ಅನ್ನಂಗಿದ್ರೆ ಮುಂದಕ್ ಬಾ" ಅಂದರು. ಪಲ್ಲಕ್ಕಿ ಅರ್ಧ ಹೆಜ್ಜೆ ಬಂದು ನಿಂತಿತು. ಹೊತ್ತವರ ಹೆಗಲು ನಡುಗುತ್ತಿತ್ತು. ತಮಟೆ ನಿಲ್ಲಿಸಿದರು. ಆಗ ಗುಂಪಿನ ಹಿಂದಿನಿಂದ ಆ ಹುಡುಗನೇ ಬಂದ. ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು, "ನಾನು ತಗಂಡಿದ್ರೆ ನನ್ ಮೇಲೇ ಬಾರವ್ವ" ಅಂದ. ಯಾರೂ ಉಸಿರೆತ್ತಲಿಲ್ಲ. ಪಲ್ಲಕ್ಕಿ ಅವನ ಮುಂದೆ ಸ್ವಲ್ಪ ಹೊತ್ತು ತೂಗಿ, ಹಿಂದೆ ಸರಿಯಿತು. ಪೂಜಾರಪ್ಪ ಅವನ ಹಣೆಗೆ ಭಂಡಾರ ಇಟ್ಟರು. ಮೋಟಾರು ಕೊನೆಗೂ ಸಿಗಲಿಲ್ಲ. ಆದರೆ ಆ ಹುಡುಗನ ಹೆಸರನ್ನು ಆ ವಿಷಯಕ್ಕೆ ಯಾರೂ ಮತ್ತೆ ಎತ್ತಲಿಲ್ಲ. ಅನುಮಾನ ಬಂದವನೂ ಎದುರು ಬಂದು ಕೇಳಬಹುದು ಅನ್ನುವುದು ಆ ರಾತ್ರಿ ನನ್ನ ಮನಸ್ಸಿನಲ್ಲಿ ಉಳಿದ ಮಾತು.

ಅದಕ್ಕೇ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಪ್ಯಾಪಿರಸ್‌ನ ಕಥೆ ನನಗೆ ಅಷ್ಟು ಹತ್ತಿರ. ಅಮೆನೆಮ್ವಿಯಾ ಅನ್ನುವವನು ಉಗ್ರಾಣ ಕಾಯುತ್ತಿದ್ದ. ಅಲ್ಲಿಂದ ಐದು ಬಣ್ಣದ ಅಂಗಿಗಳು ಕಳುವಾದವು. ಹಬ್ಬದಲ್ಲಿ ಹೊರಗೆ ಬಂದ, ಪೆ-ಖೆಂತಿ ಅನ್ನುವ ಕಡೆಯ ಅಮುನ್‌ನ ಮುಂದೆ ನಿಂತು, ಕಳುವಾದದ್ದನ್ನು ತಿರುಗಿ ಕೊಡಿಸುತ್ತೀಯಾ ಅಂತ ಬೇಡಿಕೊಂಡ. ಊರಿನವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋದ. ಒಬ್ಬ ರೈತನ ಹೆಸರು ಬಂದಾಗ ದೇವರು ಹೌದು ಅಂದಿತು. ಆ ರೈತ ದೇವರ ಮುಂದೆಯೇ, ಸುಳ್ಳು, ನಾನು ಕದ್ದಿಲ್ಲ ಅಂದ. ಅಷ್ಟಕ್ಕೇ ಬಿಡದೆ, ತನ್ನ ಕಡೆಯ ಅಮುನ್‌ನ ಹತ್ತಿರ ಹೋದ. ಅಲ್ಲೂ ಅದೇ ಉತ್ತರ. ಮೂರನೆಯ ಕಡೆಯ ಅಮುನ್‌ನ ಹತ್ತಿರ ಹೋದ. ಅಲ್ಲೂ ಅದೇ. ಕೊನೆಗೆ ಏಟು ಬಿದ್ದ ಮೇಲೆ ಒಪ್ಪಿಕೊಂಡ.

ಏಟು ಬಿದ್ದ ಮೇಲೆ ಒಪ್ಪಿಕೊಂಡದ್ದನ್ನು ನಾನು ಅಷ್ಟು ನಂಬುವುದಿಲ್ಲ. ಅದು ಬೇರೆ ಮಾತು. ನನ್ನನ್ನು ಹಿಡಿದದ್ದು ಆ ರೈತನ ಧೈರ್ಯ. ದೇವರು ಹೇಳಿದ್ದನ್ನು ದೇವರ ಎದುರೇ ಅಲ್ಲಗಳೆದು, ಇನ್ನೊಂದು ಗುಡಿಗೆ ಮೇಲ್ಮನವಿ ಹೋದ. ಪಟ್ಟಿಯ ಪ್ರಕಾರ ಅಮುನ್ ಒಬ್ಬನೇ. ಆ ರೈತನ ಲೆಕ್ಕದಲ್ಲಿ ಅಲ್ಲಿನ ಅಮುನ್ ಬೇರೆ, ನಮ್ಮ ಅಮುನ್ ಬೇರೆ, ನಮ್ಮವನು ನನ್ನನ್ನು ಬಲ್ಲವನು. ಇದನ್ನು ಓದುವಾಗ ನಮ್ಮ ಕಡೆಯವರು ಯಾರೂ ಹುಬ್ಬೇರಿಸುವುದಿಲ್ಲ ಅಲ್ವಾ?

ಮನೆಯೊಳಗಿನವರು

ದೇರ್ ಎಲ್-ಮದೀನಾದ ಹಲವು ಮನೆಗಳ ಮುಂದಿನ ಕೋಣೆಯಲ್ಲಿ ಇಟ್ಟಿಗೆಯ ಒಂದು ಕಟ್ಟೆ ಇದೆ. ಮೂರು ನಾಲ್ಕು ಮೆಟ್ಟಿಲು ಹತ್ತಿ ಏರಬೇಕು, ಸುತ್ತ ಗಿಡ್ಡ ಗೋಡೆ. ಕೆಲವದರ ಮೇಲೆ ಬೆಸ್‌ನ ಚಿತ್ರ ಇದೆ. ಬೆಸ್ ಅಂದರೆ ಕುಳ್ಳ, ಸೊಟ್ಟ ಕಾಲು, ಸಿಂಹದ ಕೇಸರ, ಹೊರಗೆ ಚಾಚಿದ ನಾಲಿಗೆ. ಈಜಿಪ್ಟಿನ ಚಿತ್ರಗಳಲ್ಲಿ ದೇವರುಗಳು ಸಾಮಾನ್ಯವಾಗಿ ಪಕ್ಕಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಬೆಸ್ ಮಾತ್ರ ನೇರ ನಮ್ಮನ್ನೇ ನೋಡುತ್ತಾನೆ. ಮಲಗುವ ಮಂಚದ ಕಾಲಿನಲ್ಲಿ, ತಲೆಯಿಡುವ ಕಟ್ಟಿಗೆಯಲ್ಲಿ, ಕನ್ನಡಿಯ ಹಿಡಿಯಲ್ಲಿ, ಮಕ್ಕಳ ಕೊರಳ ತಾಯಿತದಲ್ಲಿ ಅವನೇ. ಅವನ ಜೊತೆಗೆ ತವೆರೆತ್. ನೀರಾನೆಯ ಮೈ, ಸಿಂಹದ ಪಂಜ, ಬೆನ್ನಿಗೆ ಮೊಸಳೆಯ ಬಾಲ, ಜೋತುಬಿದ್ದ ಮೊಲೆ, ಮುಂದೆ ಬಂದ ಹೊಟ್ಟೆ. ಬಸುರಿ, ಬಾಣಂತಿ, ಕೂಸು ಇವರ ಕಾವಲು ಅವಳದು. ನೀರಾನೆ ತನ್ನ ಮರಿಯ ಹತ್ತಿರ ಬಂದವರನ್ನು ಏನು ಮಾಡುತ್ತದೆ ಅಂತ ನೈಲ್ ದಡದವರಿಗೆ ಗೊತ್ತಿತ್ತು. ಆ ಸಿಟ್ಟು ನಮ್ಮ ಮಗುವಿನ ಪರವಾಗಿ ಇರಲಿ ಅಂತ ಬಾಗಿಲಲ್ಲಿ ನಿಲ್ಲಿಸಿಕೊಂಡರು. ಅವಳನ್ನು ವಿಕಾರ ಅನ್ನುವವರ ಮಾತು ನನಗೆ ಸೇರುವುದಿಲ್ಲ. ಅಷ್ಟು ದಣಿದ, ಅಷ್ಟು ಗಟ್ಟಿಯಾದ ತಾಯಿಯ ಮೈಯನ್ನು ದೇವರಾಗಿ ಮಾಡಿಕೊಂಡವರ ಮೇಲೆ ನನಗೆ ತುಂಬಾ ಗೌರವ ಇದೆ.

ಕ್ರಿ.ಪೂ. 14ನೇ ಶತಮಾನದಲ್ಲಿ ಅಖೆನಾತೆನ್ ರಾಜ ಸೂರ್ಯಬಿಂಬದ ಅತೆನ್ ಬಿಟ್ಟು ಉಳಿದ ದೇವರುಗಳನ್ನು ಬದಿಗೆ ಸರಿಸಿದ. ಅಮುನ್‌ನ ಹೆಸರನ್ನು ಉಳಿಯಿಂದ ಕೆತ್ತಿ ತೆಗೆಸಿದ. ಆ ಕಥೆ ಎಲ್ಲರಿಗೂ ಗೊತ್ತು. ಆದರೆ ಅವನದೇ ಹೊಸ ರಾಜಧಾನಿ ಅಮಾರ್ನಾದ ಮನೆಗಳನ್ನು ಅಗೆದಾಗ ಬೆಸ್ ಮತ್ತು ತವೆರೆತ್ ತಾಯಿತಗಳು ಬಂದವು. ಕೆಲಸಗಾರರ ಕೇರಿಯಲ್ಲಿ ಗೋಡೆಯ ಮೇಲೆ ಕುಣಿಯುವ ಬೆಸ್‌ನ ಚಿತ್ರಗಳೂ ಸಿಕ್ಕವು. ದೊಡ್ಡ ದೇವಸ್ಥಾನ ಮುಚ್ಚಿಸಬಹುದು. ಬಾಣಂತಿಯ ಕೋಣೆಗೆ ರಾಜನ ಉಳಿ ಹೋಗಲಿಲ್ಲ.

ಬೆಸ್ ಎಷ್ಟು ಕಾಲ ಉಳಿದ ಅಂದರೆ, ರೋಮನ್ನರ ಕಾಲದಲ್ಲಿ ಅಬೈಡಾಸ್‌ನ ಹಳೆಯ ದೇವಸ್ಥಾನದಲ್ಲಿ ಪ್ರಶ್ನೆಗೆ ಉತ್ತರ ಹೇಳುವ ದೇವರಾಗಿ ಕೂತ. ದೂರದವರು ಬರೆದು ಕಳಿಸುತ್ತಿದ್ದರು. ಆ ಚೀಟಿಗಳು ಕೆಲವೊಮ್ಮೆ ಅಲ್ಲೇ ಉಳಿದುಬಿಡುತ್ತಿದ್ದವು. ಕ್ರಿ.ಶ. 359ರಲ್ಲಿ ಯಾರೋ ಅಂಥ ಚೀಟಿಗಳನ್ನು ಚಕ್ರವರ್ತಿ ಕಾನ್‌ಸ್ಟಾಂಟಿಯಸ್‌ಗೆ ಕಳಿಸಿದರು. ತನ್ನ ಬಗ್ಗೆ ದೇವರನ್ನು ಏನು ಕೇಳುತ್ತಿದ್ದಾರೋ ಅನ್ನುವ ಸಂಶಯ ಅವನಿಗೆ. ವಿಚಾರಣೆ ನಡೆಸಿದ, ಜನರನ್ನು ಹಿಂಸಿಸಿದ. ಬರೆದು ಕೇಳುವ ಧೈರ್ಯಕ್ಕೆ ಅಷ್ಟು ದೊಡ್ಡ ಬೆಲೆ ಬಿತ್ತು.

ತವೆರೆತ್ ಹೋಗಿ ನೆಲೆಸಿದ ಊರನ್ನು ಕನ್ನಡದವರು ಬೇರೆ ಕಾರಣಕ್ಕೆ ಬಲ್ಲರು. ಗ್ರೀಕರ ಬಾಯಲ್ಲಿ ಅವಳು ಥೊಯೇರಿಸ್ ಆದಳು. ಆಕ್ಸಿರಿಂಕಸ್ ಅನ್ನುವ ಪಟ್ಟಣದ ಮುಖ್ಯ ದೇವಿಯಾದಳು. ಅದೇ ಪಟ್ಟಣದ ತಿಪ್ಪೆಯಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ ಅಂತ ಜರ್ಮನಿಯ ವಿದ್ವಾಂಸ ಹುಲ್ಟ್ಸ್ ಹೇಳಿದರು, ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಬರೆದರು. ವಿದ್ವಾಂಸರೆಲ್ಲ ಇದನ್ನು ಒಪ್ಪಿಲ್ಲ. ಆ ಚರ್ಚೆ ಇಲ್ಲಿ ಬೇಡ. ಅದೇ ತಿಪ್ಪೆಯಲ್ಲಿ ದೇವರಿಗೆ ಬರೆದ ಚೀಟಿಗಳೂ ಸಿಕ್ಕಿವೆ, ನನ್ನ ಕಣ್ಣು ಈಗ ಹೋಗುವುದು ಅವುಗಳ ಕಡೆ. ಎರಡನೇ ಶತಮಾನದಲ್ಲಿ ನೀಕೆ ಅನ್ನುವ ಹೆಂಗಸು ಸೆರಾಪಿಸ್ ದೇವರನ್ನು ಕೇಳುತ್ತಾಳೆ. ಇಂಥವಳಿಂದ ಅವಳ ಗುಲಾಮನನ್ನು ಕೊಂಡರೆ ನನಗೆ ಒಳ್ಳೆಯದಾ? ಹೌದಾದರೆ ಈ ಚೀಟಿ ಕೊಡು. ಕ್ರಮ ಹೀಗಿತ್ತು. ಹೌದು ಅಂತ ಒಂದು, ಬೇಡ ಅಂತ ಒಂದು, ಎರಡು ಚೀಟಿ ಬರೆದು ಒಳಗೆ ಕೊಡಬೇಕು. ದೇವರು ಒಂದನ್ನು ವಾಪಸ್ ಕಳಿಸುತ್ತಾನೆ. ಇಲ್ಲಿ ನನಗೆ ನೋವಾಗುವ ಒಂದು ವಿಷಯವೂ ಇದೆ. ಈ ಪ್ರಶ್ನೆಗೆ ಗುರಿಯಾದ ಆ ಗುಲಾಮನ ಮೊರೆ ಯಾವ ಚೀಟಿಯಲ್ಲೂ ಇಲ್ಲ.

ಆರನೇ ಶತಮಾನದ ಹೊತ್ತಿಗೆ ಸೆರಾಪಿಸ್ ಇಲ್ಲ, ಥೊಯೇರಿಸ್ ಇಲ್ಲ, ಊರಿನ ತುಂಬ ಚರ್ಚುಗಳು, ಮಠಗಳು. ಚೀಟಿ ಬರೆಯುವ ಕ್ರಮ ಮಾತ್ರ ನಿಂತಿಲ್ಲ. ಆ ಕಾಲದ ಒಂದು ಚೀಟಿಯನ್ನು ಸಂತ ಫಿಲೋಕ್ಸೆನಸ್‌ನ ದೇವರಿಗೆ ಬರೆದಿದ್ದಾರೆ. ಮನೆಯಲ್ಲಿ ಅನೂಪ್ ಅನ್ನುವವನಿಗೆ ಹುಷಾರಿಲ್ಲ. ಅನೂಬಿಸ್ ದೇವರ ಹೆಸರೇ ಹೆಸರಾಗಿ ಉಳಿದುಕೊಂಡಿದೆ, ಇಟ್ಟವರು ಕ್ರೈಸ್ತರು. ಅವನನ್ನು ನಿನ್ನ ಆಸ್ಪತ್ರೆಗೆ ಕರೆದುಕೊಂಡು ಬಾ ಅಂತ ನಿನ್ನ ಅಪ್ಪಣೆಯಾದರೆ, ನಿನ್ನ ಶಕ್ತಿ ತೋರಿಸು, ಈ ಚೀಟಿಯೇ ಹೊರಗೆ ಬರಲಿ ಅಂತ ಕೇಳಿಕೊಂಡಿದ್ದಾರೆ.